ಒಂದು ಡಾಲರಿನ ಮೊಕದ್ದಮೆ

(ನಮ್ಮ ಕನ್ನಡ ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆ ಸಕ್ಕರೆ ಕಾಯಿಲೆಯ ಬಗೆಗೋ ರಕ್ತದೊತ್ತಡದ ಬಗೆಗೋ ನಾಲ್ಕು ಮಾತು ಕೇಳಬಹುದೆಂಬ ನಿರೀಕ್ಷೆ ಸಹಜವಾದದ್ದೇ. ಇಂದು ಆ ವಿಷಯವನ್ನು ಬದಿಗಿರಿಸಿ, ನಮ್ಮ ಮನೆಗಳಲ್ಲಿ ಈಚೆಗೆ ಊಟದ ಹೊತ್ತಿನಲ್ಲಿ ಮೇಲಿಂದ ಮೇಲೆ ಎದ್ದು ಬರುತ್ತಿರುವ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳಲು ಬಯಸುತ್ತೇವೆ. 2024ರ ವಸಂತದಲ್ಲಿ ಗಾಜಾ ಯುದ್ಧವನ್ನು ಕುರಿತ ಪ್ರತಿಭಟನೆಗಳಲ್ಲಿ ಈ ದೇಶದ ಕಾಲೇಜು ಆವರಣಗಳಿಂದ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಬಂಧಿಸಲಾಯಿತು. ಆಗ ನಮ್ಮ ಎಷ್ಟೋ ತಾಯಂದಿರು ಮಕ್ಕಳಿಗೆ ಫೋನು ಮಾಡಿ, "ಗುಂಪಿನ ಹತ್ತಿರ ಸುಳಿಯಬೇಡ, ಊರ ಉಸಾಬರಿ ನಮಗೇಕೆ, ಓದು ಮುಗಿಸಿಕೊಂಡು ಬಾ" ಎಂದರು. ಆ ಮಾತಿನಲ್ಲಿ ಪ್ರೀತಿಯಿದೆ, ಭಯವೂ ಇದೆ. ಎರಡನ್ನೂ ನಾವು ಬಲ್ಲೆವು.

ಆ ಯುದ್ಧದಲ್ಲಿ ಯಾರದು ಸರಿ ಎಂಬುದು ಇಂದಿನ ವಿಷಯವಲ್ಲ. ನಮ್ಮ ಪ್ರಶ್ನೆ ಇಷ್ಟೆ: ಸರ್ಕಾರಿ ಕಾಲೇಜಿನ ಅಧಿಕಾರಿಯೊಬ್ಬರು ವಿದ್ಯಾರ್ಥಿಯ ಬಾಯಿ ಮುಚ್ಚಿಸಿದರೆ, ಅವರು ಯಾರಿಗೆ ಉತ್ತರ ಕೊಡಬೇಕು? ಆ ಉತ್ತರವನ್ನು ಪಡೆಯುವ ದಾರಿ ಯಾವುದು?

ಕರ್ನಾಟಕದ ವೈದ್ಯಕೀಯ ಕಾಲೇಜುಗಳಲ್ಲಿ ಓದಿ ಬಂದ ನಮ್ಮ ಪೀಳಿಗೆಗೆ ಈ ಪ್ರಶ್ನೆಯೇ ವಿಚಿತ್ರವಾಗಿ ಕಾಣುವುದುಂಟು. ಪ್ರಿನ್ಸಿಪಾಲರ ಸಹಿಯಿರುವ ಸುತ್ತೋಲೆ ಸೂಚನಾ ಫಲಕದ ಮೇಲೆ ಬಂದಿತೆಂದರೆ ಅದೇ ಕೊನೆಯ ಮಾತು. ಹೌಸ್ ಸರ್ಜನರು ಸ್ಟೈಪೆಂಡಿಗಾಗಿ ಮುಷ್ಕರ ಹೂಡಿದರೆ, ಊರಿನಿಂದ ತಂದೆಯನ್ನು ಕರೆಸಿ ತಪ್ಪೊಪ್ಪಿಗೆಯ ಪತ್ರ ಬರೆಸಿಕೊಳ್ಳುವುದು ರೂಢಿ. ಭಾರತದ ಸಂವಿಧಾನದ 19ನೆಯ ವಿಧಿ ವಾಕ್ ಸ್ವಾತಂತ್ರ್ಯವನ್ನು ಕೊಟ್ಟಿದೆ ಎಂಬುದು ನಮಗೆ ತಿಳಿದಿತ್ತು. ಆದರೆ ವೈವಾ ಪರೀಕ್ಷೆಯ ಅಂಕಗಳು ಯಾರ ಕೈಯಲ್ಲಿವೆ ಎಂಬುದು ಅದಕ್ಕಿಂತ ಚೆನ್ನಾಗಿ ತಿಳಿದಿತ್ತು. ಆ ಹಳೆಯ ಅಂಜಿಕೆಯನ್ನೇ ನಾವು ಪೆಟ್ಟಿಗೆಯಲ್ಲಿ ಕಟ್ಟಿಕೊಂಡು ಈ ದೇಶಕ್ಕೆ ತಂದೆವು. ಮಕ್ಕಳಿಗೆ ಬುದ್ಧಿ ಹೇಳುವಾಗ ಮಾತನಾಡುವುದು ಬಹುಮಟ್ಟಿಗೆ ಆ ಅಂಜಿಕೆಯೇ.

ಮೊದಲು ಒಂದು ಭೇದವನ್ನು ಗಮನಿಸೋಣ. ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಮೊದಲನೆಯ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರವನ್ನು ಮಾತ್ರ. ಹಾರ್ವರ್ಡ್, ಕೊಲಂಬಿಯಾಗಳಂಥ ಖಾಸಗಿ ಸಂಸ್ಥೆಗಳಿಗೆ ಅದು ನೇರವಾಗಿ ಅನ್ವಯಿಸುವುದಿಲ್ಲ. ಅಲ್ಲಿ ವಿದ್ಯಾರ್ಥಿಗೆ ಮುಖ್ಯ ಆಸರೆ ಆ ಸಂಸ್ಥೆ ತಾನೇ ಮುದ್ರಿಸಿಕೊಟ್ಟ ನಿಯಮಾವಳಿ. ಆದರೆ ತೆರಿಗೆಯ ಹಣದಿಂದ ನಡೆಯುವ ರಾಜ್ಯ ವಿಶ್ವವಿದ್ಯಾಲಯದ ಡೀನ್, ಚಾನ್ಸಲರ್, ಆವರಣದ ಪೊಲೀಸ್ ಅಧಿಕಾರಿ, ಇವರೆಲ್ಲರೂ ಕಾನೂನಿನ ಕಣ್ಣಿನಲ್ಲಿ ಸರ್ಕಾರವೇ. ಅಲ್ಲಿ ಮಾತನಾಡುವ ಹಕ್ಕು ಅವರು ದಯಪಾಲಿಸಿದ್ದಲ್ಲ.

ಇದು ಸುಲಭವಾಗಿ ಬಂದ ಮಾತಲ್ಲ. 1960ರ ಫೆಬ್ರವರಿಯಲ್ಲಿ ಅಲಬಾಮಾ ರಾಜ್ಯದ ಮಾಂಟ್ಗೊಮರಿ ನಗರದಲ್ಲಿ, ಅಲಬಾಮಾ ಸ್ಟೇಟ್ ಕಾಲೇಜಿನ ಕಪ್ಪು ವಿದ್ಯಾರ್ಥಿಗಳ ಗುಂಪೊಂದು ನ್ಯಾಯಾಲಯದ ಕಟ್ಟಡದ ನೆಲಮಾಳಿಗೆಯಲ್ಲಿದ್ದ ಉಪಾಹಾರ ಗೃಹಕ್ಕೆ ಹೋಗಿ ತಿಂಡಿ ಕೇಳಿತು. ಅದು ಬಿಳಿಯರಿಗೆ ಮೀಸಲಾದ ಜಾಗ. ಕೆಲವೇ ದಿನಗಳಲ್ಲಿ ರಾಜ್ಯದ ಶಿಕ್ಷಣ ಮಂಡಳಿ ಒಂಬತ್ತು ವಿದ್ಯಾರ್ಥಿಗಳನ್ನು ಕಾಲೇಜಿನಿಂದ ಹೊರಹಾಕಿತು. ಆರೋಪ ಏನೆಂದು ಹೇಳಲಿಲ್ಲ, ವಿಚಾರಣೆ ನಡೆಸಲಿಲ್ಲ. ಕಾರಣವೇನೆಂದು ಮುಂದೆ ಕೋರ್ಟು ಕೇಳಿದಾಗ ಮಂಡಳಿಯ ಸದಸ್ಯರು ಒಬ್ಬೊಬ್ಬರು ಒಂದೊಂದು ಕಾರಣ ಕೊಟ್ಟರು. ರೋಗ ಇಂಥದೆಂದು ಒಮ್ಮತಕ್ಕೆ ಬಾರದ ವೈದ್ಯರು ಕಾಲನ್ನು ಕತ್ತರಿಸಿ ತೆಗೆದಂತೆ ಇದು! 1961ರಲ್ಲಿ ಐದನೆಯ ಸರ್ಕಿಟ್ ಮೇಲ್ಮನವಿ ನ್ಯಾಯಾಲಯವು, ಸರ್ಕಾರಿ ಕಾಲೇಜು ವಿದ್ಯಾರ್ಥಿಯನ್ನು ಹೊರಹಾಕುವ ಮುನ್ನ ಆರೋಪವನ್ನು ತಿಳಿಸಬೇಕು, ಅವನ ಮಾತನ್ನು ಕೇಳಬೇಕು ಎಂದು ತೀರ್ಪಿತ್ತಿತು. ಡಿಕ್ಸನ್ ಮೊಕದ್ದಮೆ ಎಂದು ಹೆಸರಾದ ಈ ತೀರ್ಪಿನ ನೆರಳಿನಲ್ಲಿಯೇ ಇಂದು ನಮ್ಮ ಮಕ್ಕಳ ಕೈಗೆ ಶಿಸ್ತು ಸಮಿತಿಯ ನೋಟೀಸು ಬರುತ್ತದೆ, ಉತ್ತರಿಸಲು ಅವಕಾಶ ಸಿಗುತ್ತದೆ. ಆ ಒಂಬತ್ತು ಮಂದಿಯ ದಾಖಲೆಗಳಿಂದ ಆ ಕಳಂಕವನ್ನು ರಾಜ್ಯದ ಶಿಕ್ಷಣಾಧಿಕಾರಿ ಅಳಿಸಿದ್ದು 2018ರಲ್ಲಿ, ಐವತ್ತೆಂಟು ವರ್ಷಗಳ ನಂತರ.

1970ರ ಮೇ 4ರಂದು ಒಹಾಯೋ ರಾಜ್ಯದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯಾಷನಲ್ ಗಾರ್ಡ್ ಸೈನಿಕರು ಹದಿಮೂರು ಸೆಕೆಂಡುಗಳ ಕಾಲ ಗುಂಡು ಹಾರಿಸಿದರು. ನಾಲ್ವರು ವಿದ್ಯಾರ್ಥಿಗಳು ಸತ್ತರು, ಒಂಬತ್ತು ಮಂದಿ ಗಾಯಗೊಂಡರು. ಸತ್ತವರಲ್ಲಿ ಇಬ್ಬರು ಪ್ರತಿಭಟನೆಯಲ್ಲಿ ಭಾಗವಹಿಸಿದವರೇ ಅಲ್ಲ. ಗಾಯಗೊಂಡವರಲ್ಲಿ ಒಬ್ಬನಿಗೆ ಬೆನ್ನುಹುರಿಗೆ ಪೆಟ್ಟು ಬಿದ್ದು ಸೊಂಟದಿಂದ ಕೆಳಗೆ ಶಾಶ್ವತವಾಗಿ ಸ್ವಾಧೀನ ತಪ್ಪಿತು. ತಂದೆತಾಯಿಗಳು ರಾಜ್ಯಪಾಲರನ್ನೂ ವಿಶ್ವವಿದ್ಯಾಲಯದ ಅಧ್ಯಕ್ಷರನ್ನೂ ಸೇನಾಧಿಕಾರಿಗಳನ್ನೂ ಕೋರ್ಟಿಗೆ ಎಳೆದರು. ಅಧಿಕಾರದಲ್ಲಿದ್ದವರ ಮೇಲೆ ಇಂಥ ದಾವೆಯೇ ಸಲ್ಲದೆಂದು ಕೆಳಗಿನ ನ್ಯಾಯಾಲಯಗಳು ಹೇಳಿದವು. 1974ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಪದವಿ ಎಷ್ಟೇ ದೊಡ್ಡದಿರಲಿ, ಅದು ಎಲ್ಲ ಸಂದರ್ಭಕ್ಕೂ ಪೂರ್ಣ ರಕ್ಷಾಕವಚವಾಗದು ಎಂದಿತು. 1979ರಲ್ಲಿ ರಾಜಿಯಾದಾಗ ರಾಜ್ಯವು 6,75,000 ಡಾಲರು ಕೊಟ್ಟಿತು, ಪ್ರತಿವಾದಿಗಳು ವಿಷಾದ ಪತ್ರವೊಂದಕ್ಕೆ ಸಹಿ ಹಾಕಿದರು. ಮಕ್ಕಳನ್ನು ಕಳೆದುಕೊಂಡವರಿಗೆ ಹಣದಿಂದ ಆಗುವುದೇನು? ಒಂಬತ್ತು ವರ್ಷ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ ಅವರ ಕೈಗೆ ಬಂದ ಆ ಸಹಿ ಮಾಡಿದ ಕಾಗದಕ್ಕೆ ಹಣಕ್ಕಿಂತ ಹೆಚ್ಚಿನ ಬೆಲೆಯಿತ್ತೆಂದು ನಮಗೆ ತೋರುತ್ತದೆ.

ಇನ್ನು ನಮ್ಮ ಕಣ್ಣೆದುರಿನ ಕಾಲಕ್ಕೆ ಬರೋಣ. 2011ರ ನವೆಂಬರ್ 18ರಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಆವರಣದಲ್ಲಿ, ನೆಲದ ಮೇಲೆ ಸಾಲಾಗಿ ಕುಳಿತಿದ್ದ ವಿದ್ಯಾರ್ಥಿಗಳ ಮುಖಕ್ಕೆ ಆವರಣದ ಪೊಲೀಸರು ಪೆಪ್ಪರ್ ಸ್ಪ್ರೇ ಸಿಂಪಡಿಸಿದರು. ಅದರಲ್ಲಿರುವುದು ನಮ್ಮ ಅಡುಗೆಮನೆಯ ಒಣಮೆಣಸಿನಕಾಯಿಗೆ ಖಾರವನ್ನು ಕೊಡುವ ವಸ್ತುವೇ. ಆದರೆ ಆ ಪ್ರಮಾಣದಲ್ಲಿ ಕಣ್ಣಿಗೂ ಶ್ವಾಸನಾಳಕ್ಕೂ ಬಿದ್ದರೆ ಆಸ್ತಮಾ ಇರುವವರಿಗೆ ಅಪಾಯ ತಪ್ಪಿದ್ದಲ್ಲ. ಮಾಜಿ ನ್ಯಾಯಮೂರ್ತಿ ಕ್ರೂಜ್ ರೆನೋಸೊ ಅವರ ನೇತೃತ್ವದ ಸಮಿತಿ 2012ರಲ್ಲಿ ವರದಿ ಕೊಟ್ಟು, ಇದು ನಡೆಯಬಾರದಾಗಿತ್ತು, ತಡೆಯಬಹುದಾಗಿತ್ತು ಎಂದು ಹೇಳಿತು. ಚಾನ್ಸಲರ್ ಅವರಿಂದ ಹಿಡಿದು ಪೊಲೀಸರವರೆಗೆ ಹೊಣೆಯನ್ನು ಹಂಚಿತು. ಅದೇ ವರ್ಷ ಸುಮಾರು ಹತ್ತು ಲಕ್ಷ ಡಾಲರುಗಳಿಗೆ ರಾಜಿಯಾಯಿತು; ದಾವೆ ಹೂಡಿದವರಿಗೆ ತಲಾ 30,000 ಡಾಲರು, ಜೊತೆಗೆ ಚಾನ್ಸಲರ್ ಅವರಿಂದ ಲಿಖಿತ ಕ್ಷಮಾಪಣೆ ದೊರೆತವು. ಕಥೆ ಅಲ್ಲಿಗೆ ಮುಗಿಯಲಿಲ್ಲ. ಇಂಟರ್‌ನೆಟ್ಟಿನಲ್ಲಿ ಈ ಘಟನೆಯ ಕುರುಹು ಮುಂದೆ ಕಾಣದಂತೆ ಮಾಡಲು ವಿಶ್ವವಿದ್ಯಾಲಯವು ಸಲಹಾ ಸಂಸ್ಥೆಗಳಿಗೆ ಕನಿಷ್ಠ 1,75,000 ಡಾಲರು ತೆತ್ತಿದ್ದು 2016ರಲ್ಲಿ ಪತ್ರಿಕೆಗಳಲ್ಲಿ ಬೆಳಕಿಗೆ ಬಂದಿತು. ಪತ್ರಕರ್ತರಿಗೆ ಆ ಲೆಕ್ಕ ಸಿಕ್ಕಿದ್ದು ಹೇಗೆ? ಸರ್ಕಾರಿ ದಾಖಲೆಗಳನ್ನು ಕೇಳಿ ಪಡೆಯುವ ಹಕ್ಕಿನಿಂದ.

ಕೊನೆಯದಾಗಿ ಜಾರ್ಜಿಯಾದ ಪ್ರಕರಣ. ಆಟ್ಲಾಂಟಾದ ಸುತ್ತ ನೆಲೆಸಿರುವ ನಮ್ಮವರಿಗೆ ಜಾರ್ಜಿಯಾ ಗ್ವಿನೆಟ್ ಕಾಲೇಜು ಹೊಸ ಹೆಸರಲ್ಲ. 2016ರಲ್ಲಿ ಅಲ್ಲಿ ಚೀಕೆ ಉಜುಎಗ್ಬುನಮ್ ಎಂಬ ವಿದ್ಯಾರ್ಥಿ ಗ್ರಂಥಾಲಯದ ಹೊರಗೆ ತನ್ನ ಕ್ರೈಸ್ತ ಧರ್ಮದ ಬಗ್ಗೆ ಮಾತನಾಡುತ್ತ ಕರಪತ್ರ ಹಂಚುತ್ತಿದ್ದ. ಅಧಿಕಾರಿಗಳು, ಅದಕ್ಕೆಂದೇ ಗೊತ್ತುಪಡಿಸಿದ ಎರಡು ಪುಟ್ಟ ಜಾಗಗಳಿವೆ, ಮೊದಲೇ ಅನುಮತಿ ಪಡೆದು ಅಲ್ಲಿಗೆ ಹೋಗು ಎಂದರು. ಆತ ಅನುಮತಿ ಪಡೆದು ಅಲ್ಲಿಗೇ ಹೋದ. ಯಾರೋ ದೂರು ಕೊಟ್ಟರೆಂದು ಅಲ್ಲಿಯೂ ಪೊಲೀಸರು ಬಂದು ನಿಲ್ಲಿಸಿದರು. ಕೋರ್ಟಿಗೆ ಹೋದಾಗ ಕಾಲೇಜು ಮೊದಲು ತನ್ನ ಕ್ರಮವನ್ನು ಸಮರ್ಥಿಸಿಕೊಂಡಿತು. ಬಳಿಕ ಸದ್ದಿಲ್ಲದೆ ನಿಯಮವನ್ನೇ ಬದಲಿಸಿ, "ಈಗ ಆ ನಿಯಮವೇ ಇಲ್ಲ, ಹುಡುಗನೂ ಪದವಿ ಪಡೆದು ಹೋಗಿದ್ದಾನೆ, ಇನ್ನು ವ್ಯಾಜ್ಯವೆಲ್ಲಿದೆ?" ಎಂದು ವಾದಿಸಿತು. ಬೆಣ್ಣೆಯಿಂದ ಕೂದಲು ತೆಗೆದಂತೆ ಜಾರಿಕೊಳ್ಳುವ ಉಪಾಯವಿದು. ಕೆಳಗಿನ ಎರಡು ನ್ಯಾಯಾಲಯಗಳು ಒಪ್ಪಿಯೂ ಬಿಟ್ಟವು. 2021ರ ಮಾರ್ಚ್ ತಿಂಗಳಲ್ಲಿ ಸುಪ್ರೀಂ ಕೋರ್ಟು, ಎಂಟು ನ್ಯಾಯಮೂರ್ತಿಗಳು ಒಂದೆಡೆ ಒಬ್ಬರು ಇನ್ನೊಂದೆಡೆ ನಿಂತು, ಬೇರೆ ರೀತಿ ಹೇಳಿತು. ಹಕ್ಕಿನ ಭಂಗ ಆಗಿಹೋಗಿದೆ. ಅದಕ್ಕಾಗಿ ವಿದ್ಯಾರ್ಥಿ ಕೇಳುತ್ತಿರುವುದು ನಾಮಮಾತ್ರದ ಪರಿಹಾರವೇ ಆದರೂ, ಅದು ಒಂದು ಡಾಲರೇ ಆದರೂ, ಮೊಕದ್ದಮೆ ಜೀವಂತವಾಗಿಯೇ ಇರುತ್ತದೆ.

ಬಂಧುಗಳೇ, ಇಂದು ನಾವು ಹೇಳಬೇಕೆಂದಿರುವ ಮಾತಿನ ತಿರುಳು ಇಲ್ಲಿದೆ. ಆಸ್ಪತ್ರೆಯಲ್ಲಿ ರೋಗಿಯೊಬ್ಬರಿಗೆ ತಪ್ಪು ಔಷಧ ಹೋಯಿತೆನ್ನಿ. ಮರುದಿನ ನಾವು ಸೀಸೆಯ ಬಣ್ಣ ಬದಲಿಸಬಹುದು, ಕಪಾಟಿಗೆ ಬೀಗ ಹಾಕಬಹುದು. ಒಳ್ಳೆಯದೇ. ಆದರೆ ಆದದ್ದು ಏನು, ಯಾರಿಂದ ಆಯಿತು, ಏಕೆ ಆಯಿತು ಎಂದು ಸಹೋದ್ಯೋಗಿಗಳ ಎದುರು ಕುಳಿತು ಪರಿಶೀಲಿಸದಿದ್ದರೆ ಆ ತಪ್ಪು ಇನ್ನೊಂದು ಕಪಾಟಿನಿಂದ ಹೊರಬರುತ್ತದೆ. ಮೇಲೆ ಮಾಗಿದಂತೆ ಕಂಡ ಗಾಯದ ಒಳಗೆ ಕೀವು ಉಳಿದಂತೆ. ನಿಯಮವನ್ನು ತಿದ್ದುವುದು ಬೇರೆ, ಆದ ತಪ್ಪನ್ನು ತಪ್ಪೆಂದು ಬರೆದಿಡುವುದು ಬೇರೆ. ಆ ಒಂದು ಡಾಲರು ಎರಡನೆಯದರ ಬೆಲೆ.

ಅಧಿಕಾರಿಗಳಿಗೂ ನ್ಯಾಯ ಸಲ್ಲಬೇಕು. ಅವರಿಗೆ ಕಾನೂನಿನಲ್ಲಿ ರಕ್ಷಣೆಯಿದೆ. 1871ರ ನಾಗರಿಕ ಹಕ್ಕುಗಳ ಕಾನೂನಿನ ಮೇರೆಗೆ ಅಧಿಕಾರಿಯ ಮೇಲೆ ವೈಯಕ್ತಿಕವಾಗಿ ದಾವೆ ಹೂಡಬಹುದಾದರೂ, ಸ್ಪಷ್ಟವಾಗಿ ಸ್ಥಾಪಿತವಾದ ಹಕ್ಕನ್ನು ಮೀರಿದ್ದರೆ ಮಾತ್ರ ಅವರು ಹಣದ ಪರಿಹಾರಕ್ಕೆ ಹೊಣೆಯಾಗುತ್ತಾರೆ ಎಂಬುದು 1982ರಿಂದ ನೆಲೆನಿಂತ ನಿಯಮ. ಹಾಗೆಯೇ ಪ್ರತಿಭಟಿಸುವವರಿಗೂ ಮಿತಿಯಿದೆ. ಸಮಯ, ಸ್ಥಳ, ವಿಧಾನಗಳಿಗೆ ಕಾಲೇಜು ನ್ಯಾಯವಾದ ಕಟ್ಟಳೆ ಹಾಕಬಹುದು. ಆ ಕಟ್ಟಳೆ ಎಲ್ಲ ಪಕ್ಷಗಳಿಗೂ ಒಂದೇ ಆಗಿರಬೇಕು. ತರಗತಿಗೆ ಅಡ್ಡಿಪಡಿಸುವುದು, ಬಾಗಿಲಿಗೆ ಬೀಗ ಜಡಿಯುವುದು, ಸಹಪಾಠಿಯನ್ನು ಬೆದರಿಸುವುದು, ಇವು ವಾಕ್ ಸ್ವಾತಂತ್ರ್ಯವಲ್ಲ. ಆಂಬುಲೆನ್ಸ್ ಹೋಗುವ ದಾರಿಯನ್ನು ಕಟ್ಟಿದವರನ್ನು ಯಾವ ವೈದ್ಯರೂ ಮೆಚ್ಚಲಾರರು. ಆದರೆ ಮಾತು ಅಸಹ್ಯವಾಯಿತೆಂಬ ಒಂದೇ ಕಾರಣಕ್ಕೆ ಶಿಕ್ಷಿಸಲಾಗದು. ಮಿಸ್ಸೌರಿ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯೊಬ್ಬರ ಪ್ರಕರಣದಲ್ಲಿ 1973ರಲ್ಲಿಯೇ ಸುಪ್ರೀಂ ಕೋರ್ಟು ಹೀಗೆಂದಿದೆ.

ಹಾಗಾದರೆ ಮಕ್ಕಳಿಗೆ ನಾವು ಏನು ಹೇಳೋಣ? ಕಾಲೇಜಿನ ನಡತೆಯ ನಿಯಮಗಳನ್ನು ಮೊದಲೇ ಓದಿಕೊಳ್ಳಲಿ. ಯಾರಾದರೂ ತಡೆದರೆ ಸೌಜನ್ಯದಿಂದ, "ಯಾವ ನಿಯಮದ ಪ್ರಕಾರ?" ಎಂದು ಕೇಳಲಿ. ಪೊಲೀಸರ ಜೊತೆ ತಳ್ಳಾಟ ಬೇಡ. ಸ್ಥಳದಲ್ಲಿ ಆದೇಶವನ್ನು ಪಾಲಿಸಿ, ದೂರನ್ನು ಆಮೇಲೆ ಬರವಣಿಗೆಯಲ್ಲಿ ಕೊಡಲಿ. ಅಂದೇ ರಾತ್ರಿ ದಿನಾಂಕ, ಸಮಯ, ಹೆಸರು, ಆಡಿದ ಮಾತು ಎಲ್ಲವನ್ನೂ ಬರೆದಿಡಲಿ. ಬರೆಯದೆ ಬಿಟ್ಟ ಚಿಕಿತ್ಸೆ ಮಾಡದೆ ಬಿಟ್ಟ ಚಿಕಿತ್ಸೆಗೆ ಸಮ ಎಂಬುದು ಇಲ್ಲಿ ರೆಸಿಡೆನ್ಸಿ ಮಾಡಿದವರೆಲ್ಲ ಕಲಿತ ಮೊದಲ ಪಾಠವಲ್ಲವೇ? ಶಿಸ್ತು ಸಮಿತಿಯ ನೋಟೀಸು ಬಂದರೆ ಮೇಲ್ಮನವಿಯ ಗಡುವನ್ನು ನೋಡಿಕೊಳ್ಳಲಿ, ಅವಸರದಲ್ಲಿ ತಪ್ಪೊಪ್ಪಿಗೆ ಬರೆದುಕೊಡದಿರಲಿ. ತಮ್ಮ ಕಡತವನ್ನು ನೋಡುವ ಹಕ್ಕು 1974ರ ಕಾನೂನಿನಿಂದ ವಿದ್ಯಾರ್ಥಿಗಳಿಗಿದೆ.

ಒಂದು ಎಚ್ಚರಿಕೆಯ ಮಾತನ್ನೂ ಮುಚ್ಚಿಡಲಾಗದು. ಊರಿನಿಂದ ಓದಲು ಬಂದು ವಿದ್ಯಾರ್ಥಿ ವೀಸಾದ ಮೇಲಿರುವ ನಮ್ಮ ಹುಡುಗ ಹುಡುಗಿಯರ ಸ್ಥಿತಿ ಇಲ್ಲಿ ಹುಟ್ಟಿದವರ ಸ್ಥಿತಿಯಂತಲ್ಲ. 2025ರಲ್ಲಿ ಲೇಖನ, ಪ್ರತಿಭಟನೆಗಳ ಕಾರಣದಿಂದ ಕೆಲವು ವಿದೇಶೀ ವಿದ್ಯಾರ್ಥಿಗಳ ವೀಸಾ ರದ್ದಾಗಿ, ಅವರು ಬಂಧನಕ್ಕೊಳಗಾಗಿ, ವಿಷಯ ಕೋರ್ಟುಗಳ ಮುಂದೆ ಹೋಯಿತು. ಅಂಥವರು ಮೊದಲು ವಲಸೆ ಕಾನೂನು ಬಲ್ಲ ವಕೀಲರನ್ನು ಕಾಣಬೇಕು. ಅವರ ಬೆನ್ನಿಗೆ ನಿಲ್ಲುವುದು ಪೌರತ್ವ ಪಡೆದು ನೆಲೆ ಕಂಡಿರುವ ನಮ್ಮ ಪಾಲಿನ ಕೆಲಸ.

ಆ ಕೆಲಸಕ್ಕೆ ದಾರಿಗಳಿವೆ. ರಾಜ್ಯ ವಿಶ್ವವಿದ್ಯಾಲಯಗಳ ಆಡಳಿತ ಮಂಡಳಿಗಳು ಸಾರ್ವಜನಿಕ ಸಭೆ ನಡೆಸುತ್ತವೆ. ಅಲ್ಲಿಗೆ ಹೋಗಿ ಕೂರಬಹುದು, ಪ್ರಶ್ನೆ ಕೇಳಬಹುದು. ಮಿಷಿಗನ್ ರಾಜ್ಯದಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಎಂಟು ಮಂದಿ ರೀಜೆಂಟರನ್ನು ಮತದಾರರೇ ಆರಿಸುತ್ತಾರೆ. ಮಕ್ಕಳ ಅಂಕಪಟ್ಟಿಯನ್ನು ಸಾಲುಸಾಲಾಗಿ ಓದುವ ನಾವು, ಅವರ ವಿಶ್ವವಿದ್ಯಾಲಯವನ್ನು ಆಳುವವರ ಹೆಸರುಗಳನ್ನು ಮತಪತ್ರದ ಕೆಳತುದಿಯಲ್ಲಿ ಓದದೆ ಬಿಡುವುದು ಸರಿಯೇ?

ಊರ ಉಸಾಬರಿ ಎನ್ನುತ್ತೇವೆ. ಆದರೆ ನಾವು ತೆರಿಗೆ ಕೊಡುವ, ನಮ್ಮ ಮಕ್ಕಳು ಓದುವ ಈ ಊರು ಈಗ ನಮ್ಮದೇ. ಮುಂದಿನ ವಾರ ಮಗಳಿಗೆ ಫೋನು ಮಾಡುವಾಗ "ಗುಂಪಿನ ಹತ್ತಿರ ಸುಳಿಯಬೇಡ" ಎನ್ನುವ ಮೊದಲು, "ನಿಮ್ಮಲ್ಲಿ ಏನು ನಡೆಯುತ್ತಿದೆ, ನಿನಗೇನನ್ನಿಸುತ್ತದೆ?" ಎಂದು ಒಂದು ಮಾತು ಕೇಳಿ. ಅವಳು ಹೇಳುವುದನ್ನು ಕೊನೆಯವರೆಗೆ ಕೇಳಿಸಿಕೊಳ್ಳಿ.