ಹೆಸರಿಲ್ಲದ ಮಳೆ: 2009ರ ಚಂಡಮಾರುತಗಳು ಮತ್ತು ರಾಯಚೂರು ಸೀಮೆ
(ಉಪನ್ಯಾಸದ ಪಠ್ಯ)



ಚಂಡಮಾರುತವೆಂಬುದು ಕರಾವಳಿಯವರ ಸಂಕಟ, ಒಳನಾಡಿಗೂ ಗುಡ್ಡಗಾಡಿಗೂ ಅದರ ಗೊಡವೆಯಿಲ್ಲ ಎಂಬ ನಂಬಿಕೆ ಬಲವಾಗಿ ಬೇರೂರಿದೆ. ಈ ನಂಬಿಕೆ ಎಷ್ಟು ಅಪಾಯಕರ ಎಂಬುದನ್ನು 2009ನೆಯ ಇಸವಿ ತೋರಿಸಿಕೊಟ್ಟಿತು.

ಆ ವರ್ಷ ಉತ್ತರ ಹಿಂದೂ ಮಹಾಸಾಗರದಲ್ಲಿ ಹೆಸರು ಪಡೆದ ಚಂಡಮಾರುತಗಳು ನಾಲ್ಕು. ಏಪ್ರಿಲ್‌ನಲ್ಲಿ 'ಬಿಜಲಿ' ಬಾಂಗ್ಲಾದೇಶದ ಚಿತ್ತಗಾಂಗ್ ಬಳಿ ದಡ ಸೇರಿತು. ಮೇ 25ರಂದು 'ಐಲಾ' ಪಶ್ಚಿಮ ಬಂಗಾಳವನ್ನೂ ಬಾಂಗ್ಲಾದೇಶವನ್ನೂ ಅಪ್ಪಳಿಸಿ ಮುನ್ನೂರಕ್ಕೂ ಹೆಚ್ಚು ಜೀವಗಳನ್ನು ಬಲಿ ತೆಗೆದುಕೊಂಡಿತು. ಸುಂದರಬನದ ಒಡ್ಡುಗಳು ಒಡೆದು ಉಪ್ಪುನೀರು ಗದ್ದೆಗಳಿಗೆ ನುಗ್ಗಿತು. ನೀರು ಇಳಿದ ಮೇಲೂ ಮಣ್ಣಿನ ಉಪ್ಪು ಉಳಿಯಿತು. ನವೆಂಬರ್‌ನಲ್ಲಿ 'ಫಯಾನ್' ಮಹಾರಾಷ್ಟ್ರದ ಕರಾವಳಿಗೆ, ಡಿಸೆಂಬರ್‌ನಲ್ಲಿ 'ವಾರ್ಡ್' ಶ್ರೀಲಂಕೆಗೆ ಬಂದವು. ಸಿಂಧನೂರಿನ ಪುನರ್ವಸತಿ ಶಿಬಿರಗಳಲ್ಲಿ ನೆಲೆಸಿರುವ ಬಂಗಾಳಿ ಕುಟುಂಬಗಳ ಪಾಲಿಗೆ ಐಲಾ ದೂರದೇಶದ ಸುದ್ದಿಯಲ್ಲ.

ಆದರೆ ಕರ್ನಾಟಕಕ್ಕೆ ಅತಿ ದೊಡ್ಡ ಹಾನಿ ಮಾಡಿದ್ದು ಈ ನಾಲ್ಕರಲ್ಲಿ ಒಂದೂ ಅಲ್ಲ. ಸೆಪ್ಟೆಂಬರ್ ಕೊನೆಗೆ ಬಂಗಾಳಕೊಲ್ಲಿಯ ಕಡೆಯಿಂದ ಬಂದ ವಾಯುಭಾರ ಕುಸಿತವೊಂದು ಉತ್ತರ ಕರ್ನಾಟಕದ ಮೇಲೆ ಎಡೆಬಿಡದೆ ಮಳೆ ಸುರಿಸಿತು. ಗಾಳಿಯ ವೇಗ ಗಂಟೆಗೆ 62 ಕಿ.ಮೀ. ಮುಟ್ಟಿದರೆ ಮಾತ್ರ ಚಂಡಮಾರುತಕ್ಕೆ ಹೆಸರಿಡುವುದು ಇಲ್ಲಿಯ ನಿಯಮ. ಈ ಮಳೆಗೆ ಹೆಸರಿರಲಿಲ್ಲ. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಲಕ್ಷಾಂತರ ಮನೆಗಳು ಹಾಳಾದವು. ಅಕ್ಟೋಬರ್ 2ರಂದು ತುಂಗಭದ್ರೆಯ ದಡದ ಮಂತ್ರಾಲಯವೇ ಜಲಾವೃತವಾಯಿತು.

ಲಿಂಗಸುಗೂರಿನ ಉತ್ತರಕ್ಕೆ ಕೃಷ್ಣೆ, ಸಿಂಧನೂರಿನ ದಕ್ಷಿಣಕ್ಕೆ ತುಂಗಭದ್ರೆ, ನಡುವೆ ಮಸ್ಕಿ. ಎರಡೂ ಕಡಲುಗಳಿಂದ ಸುಮಾರು ಮುನ್ನೂರು ಕಿ.ಮೀ. ಅಥವಾ ಅದಕ್ಕೂ ದೂರದ ಎರೆಭೂಮಿ, ಬರಕ್ಕೆ ಹೆಸರಾದ ಸೀಮೆ. ಆ ವರ್ಷವಂತೂ ದೇಶದ ಮುಂಗಾರು ವಾಡಿಕೆಗಿಂತ ಶೇಕಡಾ 22ರಷ್ಟು ಕಡಿಮೆಯಾಗಿತ್ತು. ಮಳೆಗಾಗಿ ಮುಗಿಲು ನೋಡುತ್ತಿದ್ದ ನಾಡು ಕೆಲವೇ ದಿನಗಳಲ್ಲಿ ನೀರಲ್ಲಿ ನಿಂತಿತು.

ಮಲೆನಾಡಿನವರು ಗಮನಿಸಬೇಕಾದ ಸಂಗತಿಯೊಂದಿದೆ. ತುಂಗೆ, ಭದ್ರೆಯರು ಹುಟ್ಟುವುದು ಸಹ್ಯಾದ್ರಿಯಲ್ಲಿ. ಈ ನದಿಗಳ ನೆರೆ ಸಾಮಾನ್ಯವಾಗಿ ಘಟ್ಟದ ಮಳೆಯಿಂದ ಬರುತ್ತದೆ. ಅದನ್ನು ಹೊಸಪೇಟೆಯ ಜಲಾಶಯ ಒಂದಿಷ್ಟು ತಡೆಯುತ್ತದೆ. 2009ರಲ್ಲಿ ಹಾಗಾಗಲಿಲ್ಲ. ಮಳೆ ಬಯಲುಸೀಮೆಯಲ್ಲೇ ಸುರಿಯಿತು. ಅಣೆಕಟ್ಟಿನ ಕೆಳಗೆ ಬಿದ್ದ ನೀರನ್ನು ಮೇಲಿನ ಅಣೆಕಟ್ಟು ಹಿಡಿಯಲಾರದು. ವರ್ಷದ ಬಹುಕಾಲ ಒಣಗಿರುವ ಹಳ್ಳಗಳೇ ಹೊಳೆಗಳಾದವು. ಶ್ರೀಶೈಲ ಜಲಾಶಯಕ್ಕೆ ಸುಮಾರು 25 ಲಕ್ಷ ಕ್ಯೂಸೆಕ್ ಒಳಹರಿವು ಬಂದು ದಾಖಲೆಯಾಯಿತು.

ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆಯ ಮನೆಗಳು ಬಿಸಿಲಿಗೆ ತಂಪು. ಆದರೆ ದಿನಗಟ್ಟಲೆ ನೆನೆದರೆ ನಿಲ್ಲಲಾರವು. ನದಿಯಿಂದ ದೂರವಿದ್ದ ಊರುಗಳಲ್ಲೂ ಗೋಡೆ ಕುಸಿದದ್ದು ಇದಕ್ಕೇ. ನೀರನ್ನು ಬೇಗ ಬಸಿದುಹಾಕದ ಎರೆಮಣ್ಣಿನಲ್ಲಿ ಬೆಳೆ ನಿಂತಲ್ಲೇ ಕೊಳೆಯಿತು. ಬಳಿಕ 'ಆಸರೆ' ಯೋಜನೆಯಡಿ ಊರುಗಳ ಸ್ಥಳಾಂತರ ನಡೆಯಿತು. ಮನೆ ಕಟ್ಟಿಕೊಡುವುದು ಅಗತ್ಯವೇ. ಆದರೆ ಹೊಲ ಒಂದು ಕಡೆ, ಮನೆ ಇನ್ನೊಂದು ಕಡೆಯಾದರೆ ಒಕ್ಕಲುತನ ನಡೆಯುವುದು ಕಷ್ಟ ಎಂಬುದನ್ನೂ ಮರೆಯಬಾರದು.

ಇದು ಒಮ್ಮೆ ನಡೆದು ಮುಗಿದ ಕಥೆಯಲ್ಲ. 2020ರ ಅಕ್ಟೋಬರ್ 13ರಂದು ಕಾಕಿನಾಡದ ಬಳಿ ದಡ ದಾಟಿದ ಮತ್ತೊಂದು ಹೆಸರಿಲ್ಲದ ವಾಯುಭಾರ ಕುಸಿತ ಹೈದರಾಬಾದನ್ನು ಮುಳುಗಿಸಿ, ಭೀಮಾತೀರದ ಕಲಬುರಗಿ ಸೀಮೆಯನ್ನೂ ಕಾಡಿತು. ಕಡಲು ಬಿಸಿಯಾದಷ್ಟೂ ಗಾಳಿ ಹೊರುವ ತೇವ ಹೆಚ್ಚುತ್ತದೆ. ಸುರಿಯುವ ಮಳೆಯೂ ಹೆಚ್ಚುತ್ತದೆ.

ಆದ್ದರಿಂದ ಮುನ್ನೆಚ್ಚರಿಕೆ ಗಾಳಿಯ ವೇಗವನ್ನಷ್ಟೇ ಅಲ್ಲ, ಬೀಳಲಿರುವ ಮಳೆಯನ್ನೂ ಹಳ್ಳಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು. ಹಳ್ಳದ ಪಾತ್ರಗಳನ್ನು ಒತ್ತುವರಿಯಿಂದ ಬಿಡಿಸಬೇಕು. ಕೆರೆಗಳ ಹೂಳು ತೆಗೆದು ಕೋಡಿಗಳನ್ನು ಗಟ್ಟಿ ಮಾಡಬೇಕು. ಘಟ್ಟದ ತಪ್ಪಲಿನಲ್ಲಿ ಹಳ್ಳಕ್ಕೆ ಮಣ್ಣು ತುಂಬಿ ರಸ್ತೆ ಮಾಡುವವರಿಗೂ ಇದೇ ಮಾತು ಅನ್ವಯಿಸುತ್ತದೆ. ವಿದ್ಯಾರ್ಥಿಗಳು ತಮ್ಮ ಊರಿನ ಹಿರಿಯರನ್ನು ಕೇಳಿ, ನೀರು ಎಲ್ಲಿಯವರೆಗೆ ಏರಿತ್ತೆಂದು ಗುರುತು ಹಾಕಿಡಲಿ. ಆ ಗುರುತಿನ ಕೆಳಗೆ ಯಾರೂ ಹೊಸ ಮನೆಗೆ ಪಾಯ ತೋಡದಿದ್ದರೆ, ಅಷ್ಟು ಜೀವಗಳು ಉಳಿದಂತೆ.