ಕಲಿಸಿದವರ ಋಣ

(ಮಠದ ಮಾಸಿಕ ಶರಣ ಸಂಗಮದಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಸಂಗೀತದ ಗುರುವಿನ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಪೂಜ್ಯರು ಅಪ್ಪಣೆ ಕೊಡಿಸಿದ್ದಾರೆ. ನಾನು ಸಂಗೀತಗಾರನಲ್ಲ. ಕಾಲುವೆ, ಸೇತುವೆಗಳ ಕೆಲಸ ನೋಡಿಕೊಂಡು ನಿವೃತ್ತನಾದ ಎಂಜಿನಿಯರು. ಭಜನೆಗೆ ಒಂದಿಷ್ಟು ತಬಲಾ ನುಡಿಸುತ್ತೇನೆ, ಅಷ್ಟೇ. ಆ ಒಂದಿಷ್ಟರ ಹಿಂದೆ ತೀರಿಸದ ಋಣವೊಂದಿದೆ. ಅದನ್ನು ಹೇಳುವ ಮೊದಲು, ಋಣ ತೀರಿಸುವುದು ಹೇಗೆಂದು ತೋರಿಸಿದ ಒಬ್ಬ ಹಿರಿಯರನ್ನು ನೆನೆಯುತ್ತೇನೆ. ಅವರು ಪಂಡಿತ ಮಲ್ಲಿಕಾರ್ಜುನ ಮನಸೂರರು.

ಧಾರವಾಡದ ಬಳಿಯ ಮನಸೂರಿನಲ್ಲಿ, ಲಿಂಗಾಯತ ಮನೆತನದಲ್ಲಿ, 1910ರ ಡಿಸೆಂಬರ್ 31ರಂದು ಅವರು ಹುಟ್ಟಿದರು. ಬಾಲಕನಾಗಿದ್ದಾಗಲೇ ನಾಟಕದಲ್ಲಿ ಹಾಡಿದರು. ಅಪ್ಪಯ್ಯಸ್ವಾಮಿಗಳಲ್ಲಿ ಕರ್ನಾಟಕ ಸಂಗೀತ ಕಲಿತರು. ಆಮೇಲೆ ಮಿರಜದ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಘರಾಣೆಯ ಗಾಯನ ಕಲಿತರು. ಹೆಸರೂ ಬಂತು, ಗ್ರಾಮಫೋನ್ ತಟ್ಟೆಗಳೂ ಬಂದವು. ಇಷ್ಟು ಸಾಕು ಎನ್ನಬಹುದಿತ್ತು. ಅವರು ಹಾಗೆನ್ನಲಿಲ್ಲ. ಮುಂಬಯಿಯಲ್ಲಿ ಉಸ್ತಾದ್ ಮಂಜಿಖಾನರ ಮುಂದೆ ಹೊಸ ವಿದ್ಯಾರ್ಥಿಯಂತೆ ಕುಳಿತರು.

ಮಂಜಿಖಾನರ ತಂದೆ ಉಸ್ತಾದ್ ಅಲ್ಲಾದಿಯಾಖಾನರು. ಕೊಲ್ಹಾಪುರದ ಶಾಹೂ ಮಹಾರಾಜರ ಆಸ್ಥಾನ ಗಾಯಕರು, ಜಯಪುರ-ಅತ್ರೌಲಿ ಘರಾಣೆಯ ಮೂಲಪುರುಷರು. ಮಂಜಿಖಾನರು 1937ರಲ್ಲಿ ಅಕಾಲದಲ್ಲಿ ತೀರಿಕೊಂಡಾಗ ಮನಸೂರರ ಕಲಿಕೆ ನಡುದಾರಿಯಲ್ಲಿ ನಿಂತಿತು. ಆಗ ಕೈ ಹಿಡಿದವರು ಮಂಜಿಖಾನರ ತಮ್ಮ ಬುರ್ಜಿಖಾನರು. ಅಣ್ಣ ಬಿಟ್ಟುಹೋದ ಕೆಲಸವನ್ನು ತಮ್ಮ ಮುಂದುವರಿಸಿದರು.

ನಮ್ಮ ಇಲಾಖೆಯಲ್ಲಿ ಅಧಿಕಾರಿ ಹೋದರೂ ನಕ್ಷೆ ಕಚೇರಿಯಲ್ಲಿ ಉಳಿಯುತ್ತದೆ. ಸಂಗೀತದಲ್ಲಿ ಹಾಗಲ್ಲ. ಉಸಿರು ಎಲ್ಲಿ ಹಿಡಿಯಬೇಕು, ತಾನಿನ ಎಳೆಗೆ ಎಳೆ ಹೇಗೆ ಹೆಣೆಯಬೇಕು, ಎರಡು ರಾಗ ಕೂಡಿದಲ್ಲಿ ಹೊಲಿಗೆ ಕಾಣದಂತೆ ಹೇಗೆ ನಡೆಯಬೇಕು, ಈ ನಕ್ಷೆಯೆಲ್ಲ ಗುರುವಿನ ಕಂಠದಲ್ಲೇ ಇರುತ್ತದೆ. ಶಿಷ್ಯನ ಕಂಠಕ್ಕೆ ಇಳಿಯದಿದ್ದರೆ ಗುರುವಿನ ಜೊತೆಗೇ ಮಣ್ಣಾಗುತ್ತದೆ. ಬಹಾದುರಿ ತೋಡಿ, ಶಿವಮತ ಭೈರವ, ಲಚ್ಛಾಸಾಖದಂಥ ಅಪರೂಪದ ರಾಗಗಳನ್ನು ಮನಸೂರರು 1992ರಲ್ಲಿ ಲಿಂಗೈಕ್ಯರಾಗುವವರೆಗೂ ಜೋಪಾನ ಮಾಡಿದರು. ಮಗ ರಾಜಶೇಖರ ಮನಸೂರರಿಗೂ ಕಲಿಸಿದರು. 'ನನ್ನ ರಸಯಾತ್ರೆ' ಎಂಬ ಆತ್ಮಕಥೆಯಲ್ಲಿ ತಮ್ಮ ಗುರುಗಳನ್ನು ಭಕ್ತಿಯಿಂದ ನೆನೆದರು.

ಲಿಂಗನಿಷ್ಠೆಗೂ ಖಾನ್ ಸಾಹೇಬರ ಮೇಲಿನ ಗುರುಭಕ್ತಿಗೂ ಅವರಲ್ಲಿ ಜಗಳವಿರಲಿಲ್ಲ. ಅವರು ವಚನ ಹಾಡಿದರೆ ನಾವು ಕಣ್ಣು ಒರೆಸಿಕೊಳ್ಳುತ್ತಿದ್ದೆವು. ಆ ಕಂಠವನ್ನು ತಿದ್ದಿದ ಕೈಗಳಲ್ಲಿ ಇಬ್ಬರು ಮುಸ್ಲಿಂ ಉಸ್ತಾದರ ಕೈಗಳೂ ಇದ್ದವೆಂದು ಆಗ ನಮ್ಮಲ್ಲಿ ಎಷ್ಟು ಜನ ನೆನೆದೆವು?

ಈಗ ನನ್ನ ಋಣದ ಮಾತು. ನಾನು ಹುಡುಗನಾಗಿದ್ದಾಗ ನಮ್ಮೂರಲ್ಲಿ ಒಬ್ಬ ತಬಲಾ ಮಾಸ್ತರರಿದ್ದರು, ಮುಸ್ಲಿಮರು. ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ನನಗೆ ಪಾಠ ಹೇಳುತ್ತಿದ್ದರು. "ಎಡಗೈ ಮಲಗೈತಿ ತಮ್ಮಾ, ಎಬ್ಬಸ ಅದನ್ನ" ಅನ್ನುತ್ತಿದ್ದರು. ಇಂದಿಗೂ ತಬಲಾದ ಮುಂದೆ ಕುಳಿತರೆ ಆ ದನಿ ಕೇಳುತ್ತದೆ. ಪಾಠ ಮುಗಿದ ಮೇಲೆ ಅವ್ವ ಅವರಿಗೆ ಚಹಾ ಕೊಡುತ್ತಿದ್ದಳು. ಅವರ ಕಪ್ಪು-ಬಸಿ ಬೇರೆ. ಅದು ಹೊರಗಿನ ಗೂಡಿನಲ್ಲಿರುತ್ತಿತ್ತು. ಕುಡಿದ ಮೇಲೆ ಅವರೇ ತೊಳೆದು ಅಲ್ಲೇ ಇಡುತ್ತಿದ್ದರು. ಒಳಗೆ ಹೋದರೆ ಬಸವಣ್ಣನವರ ಫೋಟೋ, ಅದಕ್ಕೆ ದಿನಾ ಹೂವು. ನಮ್ಮ ಅಪ್ಪ-ಅವ್ವ ಕೆಟ್ಟವರಲ್ಲ. ಊರ ರೂಢಿ ಹಾಗಿತ್ತು, ಅವರು ಕೇಳಲಿಲ್ಲ. ಆದರೆ ನಾನು ಓದಿದವನು. ನಾನೂ ಕೇಳಲಿಲ್ಲ.

ಎಂಜಿನಿಯರಿಂಗ್ ಮುಗಿಯಿತು, ನೌಕರಿ ಸಿಕ್ಕಿತು, ಮದುವೆಯಾಯಿತು. ಲಗ್ನಪತ್ರಿಕೆ ಊರೆಲ್ಲ ಹಂಚಿದೆವು, ಮಾಸ್ತರರ ಮನೆಗೆ ಹೋಗಲಿಲ್ಲ. ಬಹಳ ವರ್ಷಗಳ ಮೇಲೆ ಒಂದು ಶಾಲು, ಹಣ್ಣು ಹಿಡಿದುಕೊಂಡು ಹೋದೆ. ಅವರು ಹೋಗಿ ಎರಡು ವರ್ಷವಾಗಿತ್ತು. ಅವರ ಮಡದಿ ನನ್ನನ್ನು ಒಳಗೆ ಕರೆದು, ತಾವು ಕುಡಿಯುವ ಕಪ್ಪಿನಲ್ಲೇ ಚಹಾ ಕೊಟ್ಟರು. ಆ ಚಹಾ ಗಂಟಲಿನಲ್ಲಿ ಇಳಿಯಲಿಲ್ಲ.

ಶರಣ ಬಂಧುಗಳೇ, ಅಷ್ಟಾವರಣದಲ್ಲಿ ಮೊದಲು ಬರುವುದು ಗುರು. ಮದ್ದಳೆ ನುಡಿಸುತ್ತಿದ್ದನೆಂದು ಕವಿಗಳು ಹಾಡಿದ ಅಲ್ಲಮಪ್ರಭುವನ್ನು ಶೂನ್ಯಸಿಂಹಾಸನದ ಮೇಲೆ ಕೂರಿಸಿದ ಪರಂಪರೆ ನಮ್ಮದು. ಕಿನ್ನರಿ ನುಡಿಸುವ ಬೊಮ್ಮಯ್ಯನನ್ನು ಆ ಕಾಯಕದ ಹೆಸರಿನಿಂದಲೇ ಕರೆದು ಗೌರವಿಸಿದ ಪರಂಪರೆ ನಮ್ಮದು. ವೇದಿಕೆಯ ಮೇಲೆ ಇದನ್ನು ನಾವು ಚೆನ್ನಾಗಿ ಹೇಳುತ್ತೇವೆ. ಮನೆಯ ಗೂಡಿನಲ್ಲಿ ಬೇರೆ ಕಪ್ಪು ಇಟ್ಟುಕೊಂಡು ಹೇಳುತ್ತೇವೆ. ಗೂಡಿನ ಕಪ್ಪು ಇಂದು ಕಡಿಮೆಯಾಗಿರಬಹುದು. ಮನಸ್ಸಿನ ಗೂಡು ಖಾಲಿಯಾಗಿದೆಯೇ? ಒಬ್ಬೊಬ್ಬರೂ ನೋಡಿಕೊಳ್ಳಬೇಕು.

ಗುರುವಿಗೆ ಕೃತಜ್ಞತೆ ಎಂದರೆ ಶಾಲು ಹೊದಿಸುವುದಷ್ಟೇ ಅಲ್ಲ. ಶಾಲಿಗೆ ತಡವಾಗಬಹುದು, ನನಗೆ ಆದಂತೆ. ಗುರು ಇದ್ದಾಗ ಅವರನ್ನು ನಮ್ಮ ಪಂಕ್ತಿಯಲ್ಲಿ ಕೂರಿಸಿಕೊಳ್ಳಬೇಕು. ಅವರು ಹೋದ ಮೇಲೆ, ಅವರು ಕೊಟ್ಟದ್ದನ್ನು ಕುಲ ಕೇಳದೆ ಮುಂದಿನವರಿಗೆ ಕೊಡಬೇಕು. ವಿದ್ಯೆಯ ದಾಸೋಹ ಎಂದರೆ ಇದೇ.

ಪೂಜ್ಯರಲ್ಲಿ ಒಂದು ಬಿನ್ನಹ. ಮಠದ ಪ್ರಸಾದನಿಲಯದಲ್ಲಿ ಭಾನುವಾರ ಮುಂಜಾನೆ ತಬಲಾ ಪಾಠ ಹೇಳಲು ನನಗೆ ಅಪ್ಪಣೆಯಾಗಬೇಕು. ಯಾವ ಮನೆಯ ಮಗು ಬಂದರೂ ಸರಿ. ಮೊದಲ ಪಾಠದ ದಿನ ನನ್ನ ಮಾಸ್ತರರ ಮಡದಿಯನ್ನು ಕರೆತರುತ್ತೇನೆ. ಅಂದು ಅವರು ನಮ್ಮೆಲ್ಲರ ಜೊತೆ ಒಂದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸಲಿ. ಋಣ ತೀರುವುದಿಲ್ಲ. ತೀರಿಸುವ ಕೆಲಸವಾದರೂ ಶುರುವಾಗಲಿ.