ಓಟದ ಗಾಡಿಯನ್ನು ಕೊಂಡು ಸಾಕುವುದು



ಹೊಸ ಮೋಟಾರು ಗಾಡಿಯನ್ನು ಕೊಳ್ಳುವ ವಿಷಯದಲ್ಲಿ ಸಲಹೆ ಕೊಡತಕ್ಕವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಆದರೆ ವೇಗಕ್ಕೆಂದೇ ನಿರ್ಮಿತವಾಗಿ, ಒಬ್ಬರು ಕೆಲವು ಕಾಲ ಓಡಿಸಿ ಬಿಟ್ಟ ಗಾಡಿಯನ್ನು ಕೊಂಡು, ಎರಡು ವರ್ಷಕ್ಕೆ ಮಾರಿಬಿಡದೆ, ಹದಿನೈದು ಇಪ್ಪತ್ತು ವರ್ಷ ಮನೆಯಲ್ಲಿ ಇಟ್ಟುಕೊಳ್ಳಬೇಕೆಂಬ ಆಸೆಯುಳ್ಳವರಿಗೆ ದಾರಿ ಹೇಳುವವರು ವಿರಳ. ಅಂಥ ಆಸೆ ನಮಗೆ ಉಂಟಾಯಿತು. ನಾವು ಇರುವುದು ಶಿಕಾರಿಪುರದಲ್ಲಿ. ಅಲ್ಲಿ ಇಂಥ ಗಾಡಿಯ ಮಾತೆತ್ತಿದರೆ ನಗುವವರೇ ಹೆಚ್ಚು. ಆದರೂ ವಿಚಾರಿಸಿ ನೋಡಿದರೆ, ಶಿಕಾರಿಪುರ ಸೊರಬಗಳ ರೈತರಿಗೆ ಈ ವಿದ್ಯೆ ಹೊಸದೇನೂ ಅಲ್ಲ. ಅವರು ಕೊಳ್ಳುವುದು ಗಾಡಿಯನ್ನಲ್ಲ, ಹೋರಿಯನ್ನು, ಭೇದ ಅಷ್ಟೆ.

ದೀಪಾವಳಿ ಕಳೆದೊಡನೆ ನಮ್ಮ ಎರಡು ತಾಲ್ಲೂಕುಗಳಲ್ಲಿಯೂ, ನೆರೆಯ ಹಾವೇರಿ ಜಿಲ್ಲೆಯ ಹಾನಗಲ್ಲು ಹಿರೇಕೆರೂರುಗಳ ಕಡೆಯೂ ಹೋರಿ ಬೆದರಿಸುವ ಹಬ್ಬ ಮೊದಲಾಗುತ್ತದೆ. ಕೊರಳಿಗೆ ಕೊಬ್ಬರಿಯ ಸರವನ್ನು ಕಟ್ಟಿ, ಕೊಂಬಿಗೆ ಬಲೂನುಗಳನ್ನೇರಿಸಿ, ಜನಸಂದಣಿಯ ನಡುವೆ ಹೋರಿಯನ್ನು ಬಿಡುತ್ತಾರೆ. ಸರವನ್ನು ಹರಿಯಗೊಡದೆ ಪಾರಾದ ಹೋರಿಗೆ ಊರೂರಲ್ಲಿ ಹೆಸರು. ಈ ಹಬ್ಬದಲ್ಲಿ ತಿವಿತಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡವರೂ ಉಂಟಾದುದರಿಂದ ಅದನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ನಾವು ಗಮನಿಸತಕ್ಕದ್ದು ಕೊಳ್ಳುವ ಕ್ರಮವನ್ನು. ಹೆಸರಾದ ಹೋರಿ ಲಕ್ಷಗಟ್ಟಲೆ ರೂಪಾಯಿಗೆ ಕೈ ಬದಲಾಗುತ್ತದೆ. ಕೊಳ್ಳುವವನು ಬಾಯಿ ತೆರೆದು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಗೊರಸನ್ನು ಎತ್ತಿ ನೋಡುತ್ತಾನೆ. ಅಷ್ಟಕ್ಕೇ ತೃಪ್ತನಾಗದೆ, ಯಾರ ಕೊಟ್ಟಿಗೆಯಲ್ಲಿ ಬೆಳೆಯಿತು, ಹುರುಳಿ ಹಿಂಡಿಗಳನ್ನು ಹೊತ್ತಿಗೆ ಸರಿಯಾಗಿ ಹಾಕಿದರೆ, ಕೆರೆಯಲ್ಲಿ ಈಜಿಸಿದರೆ ಎಂದು ನೆರೆಹೊರೆಯವರನ್ನು ಕೇಳುತ್ತಾನೆ. ವರ್ಷದಲ್ಲಿ ಕೆಲವೇ ಕ್ಷಣ ಓಡತಕ್ಕ ಪ್ರಾಣಿಯನ್ನು ಉಳಿದ ದಿನವೆಲ್ಲ ಸಾಕಬೇಕೆಂಬುದು ಅವನಿಗೆ ಗೊತ್ತು.

ನಮ್ಮ ದೊಡ್ಡಪ್ಪನವರು ಸೊರಬದ ಕಡೆಯವರು. ಹೋರಿ ಕಟ್ಟಿ ಬಾಳಿದವರು. ಬೆಂಗಳೂರಿನಲ್ಲಿ ಹತ್ತು ವರ್ಷದ ಗಾಡಿಯೊಂದು ಮಾರಾಟಕ್ಕಿದೆಯೆಂದು ತಿಳಿದು ಹೊರಟಾಗ ಅವರನ್ನೂ ಕರೆದೊಯ್ದೆವು. ಕೈಯಲ್ಲಿದ್ದುದು ಅಡಕೆಯ ಎರಡು ಫಸಲಿನ ಹಣ. ಮನೆಯ ಮಾಡನ್ನು ಹೊಸದಾಗಿ ಹೊದಿಸಬೇಕೆಂದು ಕೂಡಿಟ್ಟದ್ದು. ಗಾಡಿಯೋ ಕಣ್ಣು ಕೋರೈಸುವಂತಿತ್ತು. ಹತ್ತು ವರ್ಷದಲ್ಲಿ ಓಡಿದ್ದು 14,000 ಕಿಲೋಮೀಟರು ಮಾತ್ರ. ಕೇಳಿದ ಬೆಲೆ ಹೊಸದರ ಮೂರರಲ್ಲೊಂದು ಪಾಲು. ನಾವು ಒಳಗೊಳಗೇ ಹಿಗ್ಗಿದೆವು. ದೊಡ್ಡಪ್ಪನವರು ಸುತ್ತ ಒಂದು ಪ್ರದಕ್ಷಿಣೆ ಬಂದು, ಮುಂಭಾಗದ ಮುಚ್ಚಳದ ಮೇಲೆ ಅಂಗೈಯಿಟ್ಟು, "ನಾವು ಬರುವ ಮೊದಲೇ ಇದರ ಮೈ ಬಿಸಿಯಾಗಿದೆಯಲ್ಲಪ್ಪ, ಯಾರು ಓಡಿಸಿದ್ದು?" ಎಂದರು. ಜಾಗ ಬದಲಾಯಿಸಿದೆವು ಎಂಬ ಉತ್ತರ ಬಂತು. ಎರಡನೆಯ ಪ್ರಶ್ನೆ ನಮಗೆ: "ಹತ್ತು ವರ್ಷದಲ್ಲಿ ಇಷ್ಟೇ ಓಡಿದ್ದು ಅಂದರೆ, ಉಳಿದ ದಿನವೆಲ್ಲ ಇದು ಏನು ಮಾಡುತ್ತಿತ್ತು?"

ಈ ಎರಡನೆಯ ಪ್ರಶ್ನೆಯ ಮೇಲೆ ನಾವು ಸ್ವಲ್ಪ ನಿಲ್ಲಬೇಕು. ಕಡಿಮೆ ಓಡಿದ ಗಾಡಿ ಒಳ್ಳೆಯದೆಂಬ ನಂಬಿಕೆ ಪೇಟೆಯಲ್ಲಿ ಬಲವಾಗಿ ಬೇರೂರಿದೆ. ಆದರೆ ನಿಂತ ಗಾಡಿಯಲ್ಲಿ ರಬ್ಬರಿನ ಮುದ್ರೆಗಳು ಒಣಗಿ ಬಿರುಕು ಬಿಡುತ್ತವೆ; ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ; ಬ್ಯಾಟರಿ ಸಾಯುತ್ತದೆ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕೆಗಳನ್ನು ಅಚ್ಚು ಹಾಕಿರುತ್ತಾರೆ. 2316 ಎಂದಿದ್ದರೆ 2016ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾಯಿತೆಂದು ಅರ್ಥ. ಹೋರಿಯ ಹಲ್ಲಿನಂತೆ ಇದು ಸುಳ್ಳಾಡುವುದಿಲ್ಲ. ಗೀರು ಸವೆಯದಿದ್ದರೂ ಅಂಥ ಹಳೆಯ ಟಯರಿನ ಮೇಲೆ ವೇಗದ ಗಾಡಿಯನ್ನು ಓಡಿಸುವುದು ಅಪಾಯ. ಕೆಲವು ಎಂಜಿನುಗಳಲ್ಲಿ ಕವಾಟಗಳನ್ನು ಹೊತ್ತಿಗೆ ತೆರೆದು ಮುಚ್ಚುವ ರಬ್ಬರಿನ ಪಟ್ಟಿಯಿರುತ್ತದೆ. ಅದಕ್ಕೆ ಕಿಲೋಮೀಟರಿನ ಲೆಕ್ಕದಂತೆ ವರ್ಷದ ಲೆಕ್ಕವೂ ಉಂಟು. ಕಡಿದರೆ ಎಂಜಿನಿಗೇ ಹಾನಿ. ಪೆಟ್ರೋಲಿನ ವಿಷಯವೂ ಬದಲಾಗಿದೆ. 2025ರ ಹೊತ್ತಿಗೆ ದೇಶದಾದ್ಯಂತ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ ಪೆಟ್ರೋಲು ಬಂದಿತು. ಎಥನಾಲ್ ನೀರನ್ನು ಸೆಳೆಯುವ ವಸ್ತುವಾದುದರಿಂದ, ಹಳೆಯ ಗಾಡಿಯನ್ನು ಮಲೆನಾಡಿನ ಮಳೆಗಾಲವೆಲ್ಲ ಕದಲಿಸದೆ ನಿಲ್ಲಿಸುವುದು ಕ್ಷೇಮವಲ್ಲ. ಇಷ್ಟೂ ನಮಗೆ ಪುಸ್ತಕದಿಂದ ಗೊತ್ತಿತ್ತು. ಆದರೂ 14,000 ಎಂಬ ಅಂಕೆಯನ್ನು ಕಂಡೊಡನೆ ಮರೆತುಹೋಯಿತು.

ಮರುದಿನ ಬೆಳಿಗ್ಗೆ, ಮುಂದಾಗಿ ತಿಳಿಸದೆ, ಮತ್ತೆ ಹೋದೆವು. ತಣ್ಣಗಿದ್ದ ಎಂಜಿನನ್ನು ಚಾಲೂ ಮಾಡಿದಾಗ ಹಿಂದಿನ ಕೊಳವೆಯಿಂದ ನೀಲಿ ಹೊಗೆ ಬಂತು. ಬಿಳಿಯ ಹಬೆ ಚಳಿಯ ಬೆಳಗಿನಲ್ಲಿ ಸಹಜ. ನೀಲಿ ಹೊಗೆ ಎಣ್ಣೆ ಸುಡುವುದರ ಗುರುತು. ಬಿಸಿಯಾದ ಮೇಲೆ ಅದು ಕಾಣದಂತಾಯಿತು. ನಾವು ಬರಿಗೈಯಲ್ಲಿ ಹಿಂದಿರುಗಿದೆವು. ಶಿಕಾರಿಪುರ ಮುಟ್ಟುವವರೆಗೂ ದೊಡ್ಡಪ್ಪನವರು ಆ ಮಾತನ್ನೇ ಎತ್ತಲಿಲ್ಲ. ಅದು ಅವರ ದೊಡ್ಡತನ.

ಆ ಮೇಲಿನ ಏಳು ತಿಂಗಳು ನಾವು ಗಾಡಿಯನ್ನು ಹುಡುಕುವುದನ್ನು ಬಿಟ್ಟು ಒಡೆಯನನ್ನು ಹುಡುಕಿದೆವು. ಪ್ರತಿಯೊಂದು ದುರಸ್ತಿಯ ರಸೀತಿಯನ್ನು ತಾರೀಖಿನಂತೆ ಕಟ್ಟಿಟ್ಟವನು, ವಾರಕ್ಕೊಮ್ಮೆಯಾದರೂ ಓಡಿಸಿದವನು, ದೋಷವನ್ನು ತಾನಾಗಿ ಹೇಳುವವನು ಸಿಕ್ಕಿದರೆ, ಗಾಡಿ 60,000 ಕಿಲೋಮೀಟರು ಓಡಿದ್ದರೂ ಚಿಂತೆಯಿಲ್ಲವೆಂಬುದು ನಮ್ಮ ಅಭಿಪ್ರಾಯ. ಒಂದೊಂದು ಜಾತಿಗೆ ಒಂದೊಂದು ಜನ್ಮದೋಷವಿರುತ್ತದೆ. ಅದನ್ನು ಮೊದಲೇ ಓದಿಕೊಂಡಿರಬೇಕು. 1990ರ ದಶಕದ ಕೊನೆಯಿಂದ ಕೆಲವು ವರ್ಷ ತಯಾರಾದ ಪೋರ್ಷೆ ಬಾಕ್ಸ್‌ಸ್ಟರ್ ಮತ್ತು 911 ಗಾಡಿಗಳ ಎಂಜಿನಿನಲ್ಲಿ ನಡುವಣ ಅಚ್ಚಿನ ಬೇರಿಂಗು ಲೋಕಪ್ರಸಿದ್ಧ ದೌರ್ಬಲ್ಯ; ಅದನ್ನು ಬದಲಾಯಿಸಿದ ರಸೀತಿಯಿದ್ದರೆ ಆ ಗಾಡಿಯ ಬೆಲೆಯೇ ಬೇರೆ. ಮಾರುವವನಿಗೆ ಸಂಬಂಧಪಡದ ಮೆಕ್ಯಾನಿಕನಿಂದ ಸಿಲಿಂಡರುಗಳ ಒತ್ತಡವನ್ನು ಅಳೆಯಿಸಿ, ಗಣಕಯಂತ್ರದಿಂದ ದೋಷಗಳನ್ನು ಓದಿಸಿ ನೋಡಬೇಕು. ಇದಕ್ಕೆ ಒಪ್ಪದವನ ಮನೆಯಿಂದ ಕಾಫಿ ಕುಡಿದು ಎದ್ದು ಬರುವುದೇ ಲೇಸು.

ಬೆಲೆಯ ಮಾತಿನಲ್ಲಿ ಒಂದು ಭ್ರಾಂತಿಯುಂಟು. ಗಾಡಿಯ ಬೆಲೆ ಇಳಿಯುತ್ತದೆ. ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಮೂರನೆಯ ಒಂದು ಬೆಲೆಗೆ ಕೊಂಡವನೂ ಬ್ರೇಕಿನ ತಟ್ಟೆಗೆ ಪೂರ್ಣ ಬೆಲೆಯನ್ನೇ ತೆರಬೇಕು. ನಮ್ಮ ಊರಿಂದ ಬೆಂಗಳೂರಿಗೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು. ಕೆಟ್ಟ ಗಾಡಿಯನ್ನು ಲಾರಿಯ ಮೇಲೆ ಸಾಗಿಸುವ ಬಾಡಿಗೆಯನ್ನೂ ಲೆಕ್ಕಕ್ಕೆ ಸೇರಿಸಬೇಕು. ಆದುದರಿಂದ ಕೈಯಲ್ಲಿರುವ ಹಣದ ನಾಲ್ಕನೆಯ ಒಂದು ಪಾಲನ್ನು ಮುಟ್ಟದೆ ಇಟ್ಟುಕೊಂಡು, ಉಳಿದುದರಲ್ಲಿ ಗಾಡಿಯನ್ನು ಹುಡುಕಿದೆವು.

ಕಾಗದಪತ್ರಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇವೆ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ; ಆ ಮೇಲೆ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ಮುಂದುವರಿಸಿಕೊಳ್ಳಬೇಕು. ದೆಹಲಿ ಪ್ರಾಂತದಲ್ಲಿ 10 ವರ್ಷ ಮೀರಿದ ಡೀಸೆಲ್, 15 ವರ್ಷ ಮೀರಿದ ಪೆಟ್ರೋಲ್ ಗಾಡಿಗಳ ಮೇಲಿನ ನಿರ್ಬಂಧವನ್ನು 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದ ತರುವಾಯ, ಅಲ್ಲಿಯ ಒಳ್ಳೊಳ್ಳೆಯ ಗಾಡಿಗಳು ಅಗ್ಗಕ್ಕೆ ದಕ್ಷಿಣಕ್ಕೆ ಬಂದವು. ಅಂಥದನ್ನು ಕೊಳ್ಳುವವರು ಅಲ್ಲಿಯ ನಿರಾಕ್ಷೇಪಣಾ ಪತ್ರವನ್ನೂ, ಇಲ್ಲಿ ಕಟ್ಟಬೇಕಾದ ಜೀವಾವಧಿ ತೆರಿಗೆಯನ್ನೂ ವಿಚಾರಿಸದೆ ಮುಂಗಡ ಕೊಡಬಾರದು.

ಕೊನೆಗೆ ನಮಗೆ ದೊರೆತ ಗಾಡಿ ಮೊದಲಿನದರಷ್ಟು ಚೆಲುವಾದುದಲ್ಲ. ಬಾಗಿಲಿನ ಮೇಲೆ ಒಂದು ಗೀರೂ ಇದೆ. ಒಡೆಯನು ಬೀಗದ ಕೈ ಕೊಡುವಾಗ ಎರಡು ಸಲ ಹಿಂದಿರುಗಿ ನೋಡಿದನು. ಈಗ ಪ್ರತಿ ಭಾನುವಾರ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗಿ ಬರುತ್ತೇವೆ. ದಾರಿಯಲ್ಲಿರುವ ಉಬ್ಬುಗಳನ್ನು ಓರೆಯಾಗಿ, ನಡಿಗೆಯ ವೇಗದಲ್ಲಿ ದಾಟಬೇಕಾದುದರಿಂದ ಎತ್ತಿನ ಗಾಡಿಯವರೂ ನಮ್ಮನ್ನು ಹಿಂದೆ ಹಾಕಿದ್ದುಂಟು. ಮಾಡಿನ ಹಂಚು ಇನ್ನೂ ಹಳೆಯದೇ. ಸೋರುವ ಕಡೆ ಪಾತ್ರೆಯಿಡುತ್ತೇವೆ. ಮಳೆಗಾಲ ಮೊದಲಾಗುವುದರೊಳಗೆ ಗಾಡಿಗೊಂದು ಎತ್ತರದ ಜಗಲಿ ಕಟ್ಟಿಸಿ, ತಂತಿ ಕಡಿಯುವ ಇಲಿಗಳಿಗೆ ಏನಾದರೂ ಉಪಾಯ ಮಾಡಬೇಕಾಗಿದೆ. ದೊಡ್ಡಪ್ಪನವರು ತಮ್ಮ ಹಳೆಯ ಕೊಟ್ಟಿಗೆಯ ಬೆಕ್ಕನ್ನು ಕಳುಹಿಸಿಕೊಡುವುದಾಗಿ ಹೇಳಿದ್ದಾರೆ.